ಸಮುದ್ರ ಆರಿಸಿಕೊಡುವ ಕೆಲಸ

ಒಂದು ಊರಿನ ಫೋಟೋ ಕೈಗೆ ಬಂದರೆ ನಾನು ಮೊದಲು ಸಮುದ್ರವನ್ನು ನೋಡುವುದಿಲ್ಲ. ಸಮುದ್ರ ಎಲ್ಲ ಫೋಟೋಗಳಲ್ಲೂ ಚೆನ್ನಾಗಿಯೇ ಇರುತ್ತದೆ. ಹಾಗೆ ಕಾಣಲೆಂದೇ ಯಾರೋ ಒಳ್ಳೆಯ ಬಿಸಿಲು ಕಾದು ಅದನ್ನು ತೆಗೆದಿರುತ್ತಾರೆ. ನಾನು ನೋಡುವುದು ಫೋಟೋದ ಅಂಚನ್ನು. ಅಲ್ಲಿ ಮೆಟ್ಟಿಲುಗಳಿದ್ದರೆ ಎಣಿಸುತ್ತೇನೆ. ಹಿಡಿದುಕೊಳ್ಳಲು ಕಂಬಿ ಇದೆಯೇ, ನಡುವೆ ಕೂರಲು ಬೆಂಚು ಇದೆಯೇ, ಒಣಹಾಕಿದ ಬಟ್ಟೆ ಎಷ್ಟು ಜೋರಾಗಿ ಹಾರುತ್ತಿದೆ, ಇವನ್ನೆಲ್ಲ ನೋಡುತ್ತೇನೆ. ಕೊನೆಗೆ, ಆ ಊರಿನ ಅಜ್ಜಿಯೊಬ್ಬಳು ಎಲ್ಲಾದರೂ ಹೊರಗೆ ಕಾಣುತ್ತಾಳೆಯೇ ಎಂದು ಹುಡುಕುತ್ತೇನೆ. ತರಕಾರಿ ಚೀಲ ಹಿಡಿದು ಆಕೆ ಅಲ್ಲಿಯವರೆಗೆ ಬಂದಿದ್ದರೆ ಮುಂಬೈಯ ನಮ್ಮ ಘಾಟ್ಕೋಪರಿನ ಅಜ್ಜಿಯರೂ ಬರಬಲ್ಲರು. ಅಜ್ಜಿ ಕಾಣದ ಊರಿನ ಮೇಲೆ ನನಗೆ ಸ್ವಲ್ಪ ಅನುಮಾನ.

ಈಗ ಟೂರ್ಸ್ ಆಫೀಸಿನಲ್ಲಿ ನನ್ನ ಕುರ್ಚಿಗೆ ಬಂದಿರುವ ಪ್ರತೀಕ್ಷಾ ಎಂಬ ಹುಡುಗಿಗೆ ಇದನ್ನು ಹೇಳಿದಾಗ ಅವಳು ನಕ್ಕು, "ಆಂಟಿ, ಇದೆಲ್ಲ ಬರೆದಿಡಿ, ಪ್ಲೀಸ್" ಎಂದಳು. ಅವಳು ಕನ್ನಡದವಳೇ. ಮಾತು ಪೂರ್ತಿ ತಿಳಿಯುತ್ತದೆ, ಅಕ್ಷರದ ಮುಂದೆ ಮಾತ್ರ ತಡವರಿಸುತ್ತಾಳೆ. ಅವಳ ತಾಯಿ ಪಕ್ಕದಲ್ಲಿ ಕೂತು ಓದಿ ಹೇಳಲಿ ಎಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ಲಿಫ್ಟ್ ಕೆಟ್ಟು ನಿಂತಿದ್ದರಿಂದ. ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿ ಹಸ್ಮುಖಭಾಯಿ ಅವರ ಟೂರ್ಸ್ ಆಫೀಸು ಇತ್ತು. ಒಂದು ದಿನ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದವಳು ಲಿಫ್ಟಿಗಾಗಿ ಅವರ ಬಾಗಿಲ ಮುಂದೆ ನಿಂತಿದ್ದೆ. ಒಳಗೆ ಅವರು ಯಾವುದೋ ಹೊರದೇಶದ ಹೋಟೆಲಿನಿಂದ ಬಂದ ಪತ್ರ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದರು. "ನಳಿನಿಬೆನ್, ತುಮ್ ಕಾನ್ವೆಂಟ್ ವಾಲೀ ಹೋ ನಾ? ಜರಾ ದೇಖೋ, ಗೋರಾ ಕ್ಯಾ ಬೋಲ್ತಾ ಹೈ" ಎಂದರು. ಬಿಳಿಯವರು ಏನು ಬರೆದಿದ್ದಾರೆ ನೋಡು ಎಂದು ಕೊಟ್ಟ ಆ ಪತ್ರದಲ್ಲಿ ಅಂಥದ್ದೇನೂ ಇರಲಿಲ್ಲ. ಪ್ರವಾಸದ ಗುಂಪಿನ ಅಡಿಗೆಯವನು ತಮ್ಮ ಅಡಿಗೆಮನೆಯೊಳಗೆ ಬಂದು ಒಗ್ಗರಣೆ ಹಾಕುವುದಾದರೆ ಹೊಗೆಯ ಅಲಾರಂ ಕೂಗುತ್ತದೆ ಎಂದು ಆ ಹೋಟೆಲಿನವರು ಬಹಳ ವಿನಯದಿಂದ ಬರೆದಿದ್ದರು. ಅಷ್ಟೇ ವಿನಯದಿಂದ ಉತ್ತರ ಬರೆದುಕೊಟ್ಟೆ. ಮರುದಿನದಿಂದ ಹನ್ನೊಂದರಿಂದ ನಾಲ್ಕರವರೆಗೆ ಆ ಆಫೀಸಿನ ಮೂಲೆ ಮೇಜು ನನ್ನದಾಯಿತು. ಕುಕ್ಕರ್ ಇಳಿಸಿ ಕೆಳಗೆ ಹೋಗುವುದು, ಮಕ್ಕಳು ಬರುವ ಹೊತ್ತಿಗೆ ಮೇಲೆ ಬರುವುದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೀಗೇ ನಡೆಯಿತು.

ಧಾರವಾಡದ ಕಾನ್ವೆಂಟಿನಲ್ಲಿ ನಮಗೆ ಭೂಗೋಳ ಕಲಿಸಿದ ಸಿಸ್ಟರ್ ಒಬ್ಬರು ಕಣ್ಣಮುಂದೆ ಗ್ಲೋಬು ಇಟ್ಟು, ದೇಶಗಳ ಕರಾವಳಿಯನ್ನು ಪೆನ್ಸಿಲ್ ಎತ್ತದೆ ಬರೆಯಿಸುತ್ತಿದ್ದರು. ಸಮುದ್ರವನ್ನೇ ನೋಡದ ಹುಡುಗಿಯರು ನಾವು. ನೆಲ ನೀರೊಳಗೆ ಮೂಗು ಚಾಚಿದ ಕಡೆ ಕೈ ನಿಧಾನ ಮಾಡಿ, ಅಲ್ಲಿ ಹಡಗುಗಳೂ ನಿಧಾನ ಮಾಡುತ್ತವೆ ಎನ್ನುತ್ತಿದ್ದರು. ಘಾಟ್ಕೋಪರಿನ ಆ ಮೇಜಿನ ಮೇಲೆ ಅಟ್ಲಾಸು ಬಿಚ್ಚಿದಾಗಲೆಲ್ಲ ಆ ಮಾತು ಬೆರಳಿಗೆ ನೆನಪಾಗುತ್ತಿತ್ತು. ಹೊರಗೆ ರಿಕ್ಷಾಗಳ ಗದ್ದಲ, ಒಳಗೆ ನನ್ನ ಬೆರಳು ಯಾವುದೋ ಕೊಲ್ಲಿಯನ್ನು ಬಳಸಿ ಹೋಗುತ್ತಿದೆ. ಇಷ್ಟೊಂದು ಅಂಚು ಇರುವ ಭೂಮಿಯಲ್ಲಿ ಪ್ರತಿ ಅಂಚಿಗೂ ಒಂದು ಊರು, ಪ್ರತಿ ಊರಿಗೂ ಒಂದು ಕಟ್ಟೆ, ಆ ಕಟ್ಟೆಯ ಮೇಲೆ ಸಂಜೆ ಬಂದು ಕೂರುವ ಜನ. ಯೋಚಿಸಿದರೆ ಈಗಲೂ ಎದೆ ಸ್ವಲ್ಪ ಹಗುರಾಗುತ್ತದೆ.

ನಾನೇ ಹೊರದೇಶಕ್ಕೆ ಹೋದದ್ದು ಮೂರು ಸಲ. ಮೂರೂ ಸಲ ಗುಂಪಿನ ಜೊತೆ, ಉಪ್ಪಿನಕಾಯಿ ಡಬ್ಬಿಗಳ ಜವಾಬ್ದಾರಿ ಹೊತ್ತು. ಹಾಗಾಗಿ ನಾನು ನೋಡಿದ್ದಕ್ಕಿಂತ ಆರಿಸಿದ್ದೇ ಹೆಚ್ಚು.

ಹಸ್ಮುಖಭಾಯಿಯವರ ಸಿದ್ಧಾಂತ ಮೂರು ಮಾತಿನದು. "ಪಾನಿ, ಪಹಾಡ್, ಶಾಪಿಂಗ್. ತೀನೋ ಏಕ್ ಫೋಟೋ ಮೇ ದಿಖಾ ದೋ, ಕಸ್ಟಮರ್ ಖುದ್ ಪೆನ್ ನಿಕಾಲೇಗಾ." ನೀರು, ಬೆಟ್ಟ, ಅಂಗಡಿ, ಮೂರೂ ಒಂದೇ ಚಿತ್ರದಲ್ಲಿ ಸಿಕ್ಕರೆ ಗಿರಾಕಿ ತಾನಾಗಿ ಸಹಿ ಮಾಡುತ್ತಾನೆ ಎಂದು. ಅದು ಸುಳ್ಳಲ್ಲ. ಆದರೆ ಸಹಿ ಮಾಡಿದವರು ಅಲ್ಲಿಗೆ ಹೋಗಬೇಕು, ಹೋಗಿ ಉಣ್ಣಬೇಕು, ಮಲಗಬೇಕು. ಅದನ್ನು ನನಗೆ ಕಲಿಸಿದ್ದು ಕಾಂತಾಬೆನ್.

ಕಾಂತಾಬೆನ್ ಪಕ್ಕದ ಹೌಸಿಂಗ್ ಸೊಸೈಟಿಯ ಜೈನ ಅಜ್ಜಿ. ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದ, ಸೂರ್ಯ ಹುಟ್ಟದೆ ಬಾಯಿಗೆ ಏನೂ ಹಾಕದ ವ್ರತ ಅವರದು, ಮದುವೆಯಾದಂದಿನಿಂದ. ಅವರಿದ್ದ ಗುಂಪಿಗೆ ನಾನು ಜೂನ್ ತಿಂಗಳಿಗೆ ನಾರ್ವೆಯ ಉತ್ತರದ ಒಂದು ಮೀನುಗಾರರ ಊರನ್ನು ಆರಿಸಿದ್ದೆ. ನೀರಿನಿಂದ ನೇರ ಎದ್ದ ಬೆಟ್ಟಗಳು, ಕೆಂಪು ಮರದ ಮನೆಗಳು. ಅಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿತ್ತು ಮಾತ್ರವಲ್ಲ, ಅದನ್ನೇ ಹೆಮ್ಮೆಯಿಂದ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ಅವರ ವ್ರತವೂ ಗೊತ್ತಿತ್ತು. ಎರಡೂ ಗೊತ್ತಿದ್ದು ಒಂದಕ್ಕೊಂದು ಜೋಡಿಸಲಿಲ್ಲ.

ಹೋದ ಎರಡನೆಯ ದಿನ ಅವರ ಫೋನು. "ಬೇಟಾ, ಯೇ ಸೂರಜ್ ಜಾತಾ ಕಬ್ ಹೈ?"

ಈ ಸೂರ್ಯ ಹೋಗುವುದು ಯಾವಾಗ ಎಂದು ಕೇಳುತ್ತಿದ್ದರು.

ಗುಂಪಿನ ಉಳಿದವರಿಗೆ ಹಬ್ಬವಂತೆ. ಸೂರ್ಯ ಇದ್ದಾನಲ್ಲ ಎಂದು ಯಾವಾಗ ಬೇಕೆಂದರೆ ಆಗ ಢೋಕ್ಲಾ. ಕಾಂತಾಬೆನ್ ಮಾತ್ರ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಮುಳುಗದ ಸೂರ್ಯ ಮತ್ತೆ ಹುಟ್ಟುವುದು ಹೇಗೆ, ಹುಟ್ಟದೆ ತಾನು ಉಣ್ಣುವುದು ಹೇಗೆ ಎಂಬುದು ಅವರ ಲೆಕ್ಕ. ನಾನು ಕ್ಷಮೆ ಕೇಳುವ ಮೊದಲೇ ಅವರು ಕೇಳಿದರು: "ತೂ ಕಹಾಂ ಬೈಠೀ ಹೈ? ಘಾಟ್ಕೋಪರ್ ಮೇ ಸೂರಜ್ ಆಯಾ?"

"ಬಂದಿದ್ದಾನೆ" ಎಂದೆ ಹಿಂದಿಯಲ್ಲಿ.

"ತೋ ಬಸ್. ವಹೀ ಮೇರಾ ಸೂರಜ್."

ಆಮೇಲೆ ಅವರು ಮರಳುವವರೆಗೆ ಪ್ರತಿದಿನ ಘಾಟ್ಕೋಪರಿನ ಸೂರ್ಯೋದಯ, ಸೂರ್ಯಾಸ್ತದ ಹೊತ್ತನ್ನು ನಾನು ಸಂದೇಶ ಕಳಿಸುವುದು, ಅವರು ಅದರಂತೆ ಅಲ್ಲಿಯ ಮಧ್ಯಾಹ್ನ ಮೂರೂ ಮುಕ್ಕಾಲಕ್ಕೇ ಊಟ ಮುಗಿಸಿ ಕಿಟಕಿಯ ಪಕ್ಕ ಕೂರುವುದು. ಬಂದ ಮೇಲೆ ಅವರು ದೂರಲಿಲ್ಲ. "ಎಷ್ಟು ಹೊತ್ತು ನೋಡಿದರೂ ಅವನು ನೀರಿನ ತನಕ ಬಂದು, ಮುಟ್ಟದೆ, ಮತ್ತೆ ಮೇಲೇರುತ್ತಿದ್ದ. ನನ್ನ ಹಾಗೇ ವ್ರತ ಹಿಡಿದವನಂತೆ ಕಂಡ" ಎಂದರು. ಅಂದಿನಿಂದ ನಾನು ಗಿರಾಕಿಗಳನ್ನು ಎಲ್ಲಿಗೆ ಹೋಗಬೇಕು ಎಂದು ಮೊದಲು ಕೇಳುವುದನ್ನು ಬಿಟ್ಟೆ. ಮನೆಯಲ್ಲಿ ನಿಮ್ಮ ದಿನ ಹೇಗೆ ಕಳೆಯುತ್ತದೆ, ಎಷ್ಟೊತ್ತಿಗೆ ಏಳುತ್ತೀರಿ, ಏನು ತಿನ್ನುತ್ತೀರಿ, ಮಂಡಿ ಹೇಗಿದೆ ಎಂದು ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದೆ. ಈ ನೋಟುಬುಕ್ಕು ಇದ್ದರೆ ಇನ್ನು ತಪ್ಪಾಗದು ಎಂದುಕೊಂಡಿದ್ದೆ.

ನಾನು ಬರೆಯಹೊರಟ ತಪ್ಪು ಆದದ್ದು ಆ ನೋಟುಬುಕ್ಕು ಕೈಯಲ್ಲಿ ಹಿಡಿದಿದ್ದಾಗಲೇ.

ಮೌಲಾಸಾಬ್ ಫರಶಿ ಕೆಲಸದವರು. ಬಾಗಲಕೋಟೆ ಕಡೆಯವರು, ಮನೆ ಭಾಂಡುಪಿನಲ್ಲಿ. ನಮ್ಮ ಅಡಿಗೆಮನೆಯ ನೆಲಕ್ಕೆ ಟೈಲ್ಸ್ ಹಾಕಿದವರು ಅವರೇ. ಮುಂಬೈಯಲ್ಲಿ ನಮ್ಮ ಕಡೆಯ ಕನ್ನಡ ಕೇಳಿದ ಖುಷಿಗೆ ನಾನು ಅವರಿಗೆ ದಿನಕ್ಕೆ ಮೂರು ಸಲ ಚಹಾ ಮಾಡುತ್ತಿದ್ದೆ. ಅವರು ಟೈಲು ಕೂರಿಸಿದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಕಿವಿ ಓರೆ ಮಾಡಿ, ಬೆರಳ ಗೆಣ್ಣಿನಿಂದ ಒಂದೊಂದನ್ನೂ ಟಕಟಕ ಬಡಿದು ನೋಡುತ್ತಿದ್ದರು. ಕೆಳಗೆ ಸಿಮೆಂಟು ಪೂರ್ತಿ ಕೂತಿರದಿದ್ದರೆ ದನಿ ಬೇರೆ. ಅದಕ್ಕೆ ಅವರು ಪೊಳ್ಳು ಎನ್ನುತ್ತಿದ್ದರು. ಕೆಲಸ ಮುಗಿದ ದಿನ ಫ್ರಿಜ್ ನಿಲ್ಲಿಸುವ ಮೂಲೆಯ ಒಂದು ಟೈಲು ಪೊಳ್ಳು ಅಂದಿತು. ಕರಣಿ ತೆಗೆದು ಅದನ್ನು ಎಬ್ಬಿಸಲು ಹೊರಟರು. ಸಂಜೆ ನನ್ನ ನಾದಿನಿಯ ಮನೆಯವರು ಊಟಕ್ಕೆ ಬರುವವರಿದ್ದರು.

"ಬಿಡ್ರಿ ಮೌಲಾಸಾಬ್, ಅದರ ಮ್ಯಾಲೆ ಫ್ರಿಜ್ ಬರ್ತದ. ಯಾರು ನೋಡ್ತಾರ?"

"ಯಾರೂ ನೋಡಂಗಿಲ್ರೀ ಅಕ್ಕಾರ. ನನಗ ಗೊತ್ತಿರ್ತೈತಲ್ಲ."

ನಾನು ಬಿಡಲಿಲ್ಲ. ಅವರು ಮನಸ್ಸಿಲ್ಲದೆ ಕರಣಿ ಒರೆಸಿ ಚೀಲಕ್ಕೆ ಹಾಕಿದರು. ಆಮೇಲೆ ಯಾವಾಗ ಮನೆಗೆ ಬಂದರೂ ಅವರ ಕಣ್ಣು ಒಂದು ಸಲ ಫ್ರಿಜ್ ಬುಡಕ್ಕೆ ಹೋಗಿ ಬರುತ್ತಿತ್ತು.

ಕೆಲವು ವರ್ಷಗಳ ಮೇಲೆ ಅವರ ಮಗಳು ಆಸ್ಮಾ ತಂದೆಯನ್ನು ನಮ್ಮ ಆಫೀಸಿಗೆ ಕರೆತಂದಳು. ಮಲಾಡಿನ ಒಂದು ಆಫೀಸಿನಲ್ಲಿ ಅವಳಿಗೆ ಒಳ್ಳೆಯ ಕೆಲಸ. ಅಬ್ಬಾನಿಗೆ ಒಂದು ಸಲ ಹೊರದೇಶ ತೋರಿಸಬೇಕು, ಅಮ್ಮಿ ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದಾಳೆ, ಹಾಗಾಗಿ ತಂದೆ ಮಗಳು ಇಬ್ಬರೇ. "ಆಂಟಿ, ಸೀ ಸೈಡ್ ಬೇಕು, ಶಾಂತ್ ಜಗಾ. ಅಬ್ಬಾಗೆ ಜಾಸ್ತಿ ಚಲ್ನಾ ಆಗಲ್ಲ. ಘುಟ್ನಾ ಪೂರಾ ಹೋಗಿದೆ" ಎಂದಳು ತನ್ನ ಬೆರಕೆ ಕನ್ನಡದಲ್ಲಿ. ನಾನು ನೋಟುಬುಕ್ಕು ತೆಗೆದು ಬರೆದುಕೊಂಡೆ: ಮಂಡಿ ನೋವು, ಹಲಾಲ್ ಊಟ, ಬೆಳಗ್ಗೆ ಐದಕ್ಕೆ ಏಳುತ್ತಾರೆ, ಚಹಾಕ್ಕೆ ಶುಂಠಿ ಬೇಕು.

ಮೌಲಾಸಾಬ್ ಕುರ್ಚಿಯ ತುದಿಯಲ್ಲಿ ಕೂತು ಕಾಲು ಆಚೀಚೆ ಮಾಡುತ್ತಿದ್ದರು. ಮಗಳ ಮಾತು ಮುಗಿದ ಮೇಲೆ ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದರು. ಒಳಗೆ ಒಡೆದ ಟೈಲಿನ ಒಂದು ತುಂಡು. ಬಿಳಿಯ ಮೇಲೆ ನೀಲಿ. ದೋಣಿಯೊಂದರ ಮೂತಿ, ಅದರ ಕೆಳಗೆ ಎರಡು ಅಲೆ, ಎಲ್ಲ ಕುಂಚದಿಂದ ಬರೆದದ್ದು. ಕೈಯ ನಡುಕವೂ ಕಾಣುವಷ್ಟು ಜೀವಂತ. ನಾನು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ.

"ಎಂಥಾ ನೀಲಿ ಅದ ಮೌಲಾಸಾಬ್. ತಿಳೀತು ನನಗ. ಇಂಥಾ ನೀಲಿ ನೀರು ನೋಡಬೇಕು ನಿಮಗ."

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಅಷ್ಟರಲ್ಲಿ ಎದ್ದು ಅಲಮಾರಿನಿಂದ ಫೈಲು ತೆಗೆಯುತ್ತಿದ್ದೆ. ಮಲೇಷಿಯಾದ ಒಂದು ದ್ವೀಪ, ಲಂಕಾವಿ. ಸಪಾಟು ಮರಳು, ಮೆಟ್ಟಿಲೇ ಇಲ್ಲ, ಊಟಕ್ಕೆ ತೊಂದರೆಯಿಲ್ಲ, ನೀರು ಆ ಟೈಲಿನಷ್ಟೇ ನೀಲಿ. ಫೋಟೋದ ಅಂಚಿನಲ್ಲಿ ಅಜ್ಜಿಯೂ ಇದ್ದಳು. ಎಲ್ಲ ಹೊಂದಿಬಂದ ಸಂತೋಷದಲ್ಲಿ ನಾನು ಮಾತಾಡುತ್ತಲೇ ಹೋದೆ. ಮೌಲಾಸಾಬ್ ತುಂಡನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ, "ನೀವು ಹೇಳಿದ್ರ ಛಲೋನ ಇರ್ತೈತಿ ಬಿಡ್ರಿ ಅಕ್ಕಾರ" ಎಂದರು.

ಹೋಗಿಬಂದ ಮೇಲೆ ಗಿರಾಕಿಗಳು ಫೋಟೋ ತೋರಿಸಲು ಬರುವುದು ನಮ್ಮಲ್ಲಿ ವಾಡಿಕೆ. ಅಪ್ಪನೊಂದಿಗೆ ಬಂದ ಆಸ್ಮಾ ತನ್ನ ಫೋನನ್ನೂ ಅವರ ಫೋನನ್ನೂ ನನ್ನ ಮುಂದಿಟ್ಟಳು. ಅವಳದರಲ್ಲಿ ಸಮುದ್ರ, ಸೂರ್ಯಾಸ್ತ, ಎಳನೀರು. ಅಪ್ಪನ ಫೋನು ಕೈಗೆ ತೆಗೆದುಕೊಂಡೆ. ಮೊದಲ ಚಿತ್ರ ವಿಮಾನ ನಿಲ್ದಾಣದ ನೆಲ. ಎರಡನೆಯದು ಹೋಟೆಲಿನ ಬಚ್ಚಲ ನೆಲ, ನೀರು ಹರಿಯುವ ಇಳಿಜಾರಿನ ಸಮೇತ. ಆಮೇಲೆ ಮಸೀದಿಯ ಅಂಗಳ, ಅಂಗಡಿಯ ಹೊಸ್ತಿಲು, ಈಜುಕೊಳದ ತಳದಲ್ಲಿ ಜೋಡಿಸಿದ ಪುಟ್ಟ ಚೌಕಗಳು. ಆ ಕೊಳದ ಚಿತ್ರದ ಮೇಲಂಚಿನಲ್ಲಿ ಬೆರಳಷ್ಟು ಅಗಲದ ಒಂದು ನೀಲಿ ಪಟ್ಟಿ. ಅದೇ ನಾನು ಅವರಿಗೆ ಆರಿಸಿಕೊಟ್ಟ ಸಮುದ್ರ.

ಅಂಚು ನೋಡುವುದರಲ್ಲಿ ಪಳಗಿದವಳು ನಾನು. ಅವರು ಮೇಜಿನ ನಡುವೆ ತಂದಿಟ್ಟದ್ದನ್ನು ನೋಡಿರಲಿಲ್ಲ.

"ಮೌಲಾಸಾಬ್, ಅವತ್ತು ಆ ತುಂಡು ಯಾಕ ತಂದಿದ್ರಿ?"

ಅವರಿಗೆ ನಾಚಿಕೆಯಾಯಿತು. ಹಿಂದೆ ಘಾಟ್ಕೋಪರಿನದೇ ಒಂದು ಮನೆಯಲ್ಲಿ ಅಂಥ ನೀಲಿ ಟೈಲುಗಳ ಗೋಡೆಚಿತ್ರ ಕೂರಿಸುವ ಕೆಲಸ ಅವರಿಗೆ ಬಂದಿತ್ತಂತೆ. ಬರುವಾಗಲೇ ಒಡೆದಿದ್ದ ಒಂದನ್ನು ಕೇಳಿ ಇಟ್ಟುಕೊಂಡಿದ್ದರು. ಇವು ಪೋರ್ಚುಗಲ್ಲಿನವು, ಅಲ್ಲಿ ಸಮುದ್ರದ ಹತ್ತಿರದ ಒಂದು ಊರಿನಲ್ಲಿ ರೈಲು ಸ್ಟೇಷನ್ನಿನ ಗೋಡೆ ತುಂಬ ಇಂಥವೇ ಇವೆ, ನೂರು ವರ್ಷದಿಂದ ಇವೆ ಎಂದು ಮನೆಯ ಮಾಲೀಕರು ಹೇಳಿದ್ದರಂತೆ.

"ನಾ ನಂಬಲಿಲ್ರೀ. ಸ್ಟೇಷನ್ ಗ್ವಾಡಿಗೆ ಇಂಥಾದ್ದು ಹಚ್ತಾರ? ಯಾರೂ ಪಾನ್ ಉಗುಳಂಗಿಲ್ಲೇನು? ನೂರು ವರ್ಷ ಹ್ಯಾಂಗ ನಿಂತಾವ, ಒಳಗ ಏನು ಮಾಲು ಹಾಕ್ಯಾರ, ಒಮ್ಮೆ ಬಡದು ನೋಡಬೇಕು ಅಂತ ಆಸೆ ಇತ್ತು. ಇರಲಿ ಬಿಡ್ರಿ. ನೀರು ಛಲೋ ಇತ್ತು."

ಆ ಕೊನೆಯ ಮಾತು ನನ್ನನ್ನು ಬಹಳ ದಿನ ಕಾಡಿತು. ಹೊಸಬರಿಗೆ ನಾನು ಹೇಳುವುದು ಇಷ್ಟೇ. ಜನ ಬಾಯಲ್ಲಿ ಹೇಳುವುದು ಒಂದಿದ್ದರೂ, ಮೇಜಿನ ಮೇಲೆ ತಂದಿಡುವುದು ಬೇರೆ ಇರಬಹುದು. ಅದು ಚಂದ ಇದೆ ಎಂದು ಹೊಗಳಿ ಮುಗಿಸಬೇಡಿ. ಯಾಕೆ ತಂದಿರಿ ಎಂದು ಕೇಳಿ, ಕೇಳಿದ ಮೇಲೆ ಎದ್ದು ಅಲಮಾರಿನ ಕಡೆ ಹೋಗಬೇಡಿ.

ಮೂರು ವರ್ಷ ಕಳೆಯಿತು. ಅಷ್ಟರಲ್ಲಿ ನಮ್ಮ ಕೆಲಸದ ರೀತಿಯೇ ಬದಲಾಗಿತ್ತು. ಹೋಟೆಲುಗಳಿಗೆ ಪತ್ರ ಬರೆದು ಉತ್ತರಕ್ಕೆ ವಾರಗಟ್ಟಲೆ ಕಾಯುತ್ತಿದ್ದ ಕಾಲ ಯಾವತ್ತೋ ಹೋಗಿತ್ತು. ಒಂದು ಕ್ರೊಯೇಷಿಯನ್ ದ್ವೀಪದ ಹೋಟೆಲಿನಾಕೆ, ತನ್ನ ಮನೆಮುಂದಿನ ಬೆಂಚಿಗೆ ನಾಲ್ಕು ಗಂಟೆಗೆ ನೆರಳು ಬರುತ್ತದೆ ಎಂದು ಕೈಬರಹದಲ್ಲಿ ಬರೆದಿದ್ದ ಪತ್ರ ಇನ್ನೂ ನನ್ನ ಬಳಿ ಇದೆ. ಈಗ ಕಂಪ್ಯೂಟರಿನ ಮೇಲೆ ಆ ಬೀದಿಯಲ್ಲೇ ನಡೆಯಬಹುದು. ಮೌಸ್ ಒತ್ತಿದರೆ ನಾಲ್ಕು ಹೆಜ್ಜೆ ಮುಂದೆ, ತಿರುಗಿಸಿದರೆ ಎದುರು ಮನೆಯ ಕಿಟಕಿಯ ಹೂಕುಂಡ. ಮೊದಲ ದಿನ ಹಾಗೆ ಒಂದು ಬೀದಿಯ ಕೊನೆಗೆ ಹೋಗಿ ತಿರುವಿನಲ್ಲಿ ಸಮುದ್ರ ಕಂಡಾಗ ನಾನು ಸೆರಗು ಹೊದ್ದುಕೊಂಡೆ, ಗಾಳಿ ಬೀಸಿದಂತೆ.

ನನ್ನ ಕೆಲಸದ ಕೊನೆಯ ವರ್ಷ ಆಸ್ಮಾ ಮತ್ತೆ ಬಂದಳು. ಅಪ್ಪನ ಎರಡೂ ಮಂಡಿಗೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ಇನ್ನು ತಡ ಮಾಡುವಂತಿಲ್ಲ, ಮಳೆಗಾಲ ಮುಗಿಯುವುದರೊಳಗೆ ಆಗಬೇಕು, ಅದಕ್ಕೆ ಮೊದಲೇ ಅಬ್ಬಾನಿಗೆ ಆ ನೀಲಿ ಗೋಡೆ ತೋರಿಸಿಬಿಡಬೇಕು ಎಂದಳು. ಮೌಲಾಸಾಬ್ ಈ ಸಲ ಕುರ್ಚಿ ಬೇಡವೆಂದು ಗೋಡೆಗೆ ಒರಗಿ ನಿಂತರು.

"ಆಪರೇಷನ್ ಆದ ಮ್ಯಾಲೆ ನಡಿಯಾಕ ಬರ್ತೈತಂತ್ರಿ. ಕುಕ್ಕರಗಾಲ್ಲೆ ಕುಂಡ್ರಾಕ ಬರಂಗಿಲ್ಲಂತ, ಸಾಯೂತನ. ಗ್ವಾಡಿ ಬುಡಕ್ಕ ಕುಂತು ನೋಡದಿದ್ರ ಟೈಲ್ಸ್ ಕೆಲಸ ತಿಳಿಯಂಗಿಲ್ರೀ ಅಕ್ಕಾರ. ನಿಂತು ನೋಡಿದ್ರ ಬರೇ ಚಿತ್ರ ಕಾಣ್ತೈತಿ."

ಹಸ್ಮುಖಭಾಯಿ ಎದುರು ಮೇಜಿನಿಂದ ಕೇಳಿಸಿಕೊಳ್ಳುತ್ತಿದ್ದರು. ತಂದೆ ಮಗಳು ಹೋದ ಮೇಲೆ ಕನ್ನಡಕ ತೆಗೆದು, "ನಳಿನಿಬೆನ್, ಲಿಸ್ಬನ್ ಕಾ ಪ್ಯಾಕೇಜ್ ತೈಯಾರ್ ಪಡಾ ಹೈ. ಸ್ಟೇಷನ್ ದೇಖ್ನೇ ಪೋರ್ಚುಗಲ್ ಜಾಯೇಗಾ? ಘಾಟ್ಕೋಪರ್ ಸ್ಟೇಷನ್ ತೋ ಫ್ರೀ ಮೇ ಹೈ" ಎಂದರು. ಸ್ಟೇಷನ್ ನೋಡಲು ಪೋರ್ಚುಗಲ್ ಏಕೆ, ಘಾಟ್ಕೋಪರಿನದು ಪುಕ್ಕಟೆ ಇದೆಯಲ್ಲ ಎಂಬ ಮಾತಿಗೆ ನಾನು ನಕ್ಕೆ, ಆದರೆ ಸಿದ್ಧವಿದ್ದ ಆ ಲಿಸ್ಬನ್ ಫೈಲು ಮುಟ್ಟಲಿಲ್ಲ. ಮರುದಿನ ಮೌಲಾಸಾಬರನ್ನೇ ಕರೆಸಿ ಕಂಪ್ಯೂಟರಿನ ಮುಂದೆ ನಿಲ್ಲಿಸಿದೆ. ಇಷ್ಟು ವರ್ಷದಲ್ಲಿ ಗಿರಾಕಿಯನ್ನು ನನ್ನ ಮೇಜಿನ ಈ ಬದಿಗೆ ಕರೆದದ್ದು ಅದೇ ಮೊದಲು.

ಪರದೆಯ ಮೇಲೆ ಲಿಸ್ಬನ್ನಿನ ಬೀದಿಗಳಲ್ಲಿ ಒಂದಿಷ್ಟು ನಡೆದೆವು. ಏರು, ಇಳಿಜಾರು, ಮೆಟ್ಟಿಲು. "ನಿಮ್ಮ ಮಂಡಿಗೆ ಆಗೂದಿಲ್ಲ" ಎಂದೆ. "ಹತ್ತೂದು ತ್ರಾಸೇನೋ ಖರೆ. ಅದಕ್ಕಿಂತ ಕುರ್ಚ್ಯಾಗ ಕಾಲು ಇಳಿಬಿಟ್ಟು ಕುಂತ್ರ ಜೀವಾನ ಹೋಗ್ತೈತ್ರಿ. ಹೋದ ಸಲ ವಿಮಾನದಾಗ ಅತ್ತಿದ್ದೆ, ಮಗಳಿಗೆ ಹೇಳಿಲ್ಲ" ಎಂದರು ಮೆಲ್ಲಗೆ. ನನ್ನ ನೋಟುಬುಕ್ಕಿನಲ್ಲಿ ಮಂಡಿ ನೋವು ಎಂದಿತ್ತು. ಆ ನೋವು ಯಾವಾಗ ಬರುತ್ತದೆ ಎಂದು ನಾನು ಕೇಳಿಯೇ ಇರಲಿಲ್ಲ.

ಆಮೇಲೆ ಉತ್ತರಕ್ಕೆ ಹೋದೆವು. ಅವೇರೊ ಎಂಬ ಊರು. ಸಮುದ್ರ ಒಳನುಗ್ಗಿ ಬಂದು ಹಿನ್ನೀರಾಗಿ ಹರಡಿದ ಕಡೆ, ಹಲಗೆಯಂತೆ ಸಪಾಟಾಗಿ ಕೂತಿದೆ. ಊರ ನಡುವೆ ಕಾಲುವೆ, ಕಾಲುವೆಯಲ್ಲಿ ಹಂಸದ ಕತ್ತಿನಂತೆ ಮೂತಿ ಎತ್ತಿದ ಬಣ್ಣದ ದೋಣಿಗಳು. ಹೊಸ ಸ್ಟೇಷನ್ನಿನ ಪಕ್ಕದಲ್ಲೇ ಹಳೆಯದನ್ನು ಹಾಗೇ ಉಳಿಸಿದ್ದಾರೆ. ಮೌಸ್ ತಿರುಗಿಸಿದೆ. ಬಿಳಿಯ ಕಟ್ಟಡ, ಅದರ ಮೈತುಂಬ ನೀಲಿಯಲ್ಲಿ ಬರೆದ ಹೊಲ, ನೀರು, ಜನ, ದೋಣಿ.

ಮೌಲಾಸಾಬ್ ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿ, ತುಂಡನ್ನು ಪರದೆಗೆ ಹಿಡಿದರು. ಅದೇ ಮೂತಿಯ ದೋಣಿ. ಹಸ್ಮುಖಭಾಯಿ ಕೂಡ ಎದ್ದು ಬಂದು ನಮ್ಮ ಹಿಂದೆ ನಿಂತಿದ್ದರು.

"ಸ್ವಲ್ಪ ಕೆಳಗ ಬರ್ರಿ ಅಕ್ಕಾರ. ಇನ್ನೂ ಕೆಳಗ. ಬುಡ ಕಾಣ್ಲಿ."

ಅದಕ್ಕಿಂತ ಕೆಳಗೆ ಆ ಚಿತ್ರ ಇಳಿಯಲಿಲ್ಲ.

ಊರು ಗೊತ್ತಾಯಿತು, ದಾರಿ ಗೊತ್ತಾಯಿತು. ಹಾರಾಟವನ್ನು ಎರಡು ತುಂಡು ಮಾಡಿ ನಡುವೆ ಕೊಲ್ಲಿ ದೇಶವೊಂದರಲ್ಲಿ ಒಂದು ದಿನ ವಿಶ್ರಾಂತಿ, ಕಾಲು ಚಾಚಲು ಜಾಗವಿರುವ ಮುಂದಿನ ಸೀಟು, ಇದೆಲ್ಲ ಮಾಡಿದೆ. ಆದರೆ ವೀಸಾ ಕಚೇರಿಯಲ್ಲಿ ಕೆಲಸ ನಿಂತಿತು. ಅಲ್ಲಿ ಹತ್ತೂ ಬೆರಳಿನ ಗುರುತು ಕೊಡಬೇಕು. ಮೌಲಾಸಾಬ್ ಗಾಜಿನ ಮೇಲೆ ಬೆರಳಿಟ್ಟರೆ ಯಂತ್ರಕ್ಕೆ ಏನೂ ಕಾಣಲಿಲ್ಲ. ನಲವತ್ತು ವರ್ಷದ ಸಿಮೆಂಟು ಬೆರಳ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಅಲ್ಲಿದ್ದ ಹುಡುಗಿ ಒಳ್ಳೆಯವಳು. ಒರೆಸಿ, ಒತ್ತಿ, ಮತ್ತೆ ಮತ್ತೆ ನೋಡಿ, ಎರಡು ವಾರ ಬಿಟ್ಟು ಬನ್ನಿ ಎಂದಳು. ಎರಡು ವಾರದ ಮೇಲೂ ಹಾಗೇ ಆಯಿತು. ಆಪರೇಷನ್ನಿನ ದಿನ ಗೊತ್ತಾಗಿಬಿಟ್ಟಿತ್ತು.

ಅಂದು ಮಧ್ಯಾಹ್ನ ಮೌಲಾಸಾಬ್ ಆಫೀಸಿಗೆ ಬಂದು ಎರಡೂ ಕೈಯನ್ನು ನನ್ನ ಮೇಜಿನ ಮೇಲೆ ಅಂಗಾತ ಇಟ್ಟರು. ಬೆರಳ ತುದಿಗಳು ನುಣ್ಣಗೆ, ಉಜ್ಜಿದ ಕಲ್ಲಿನಂತೆ ಹೊಳೆಯುತ್ತಿದ್ದವು.

"ನಾ ಯಾರು ಅಂತ ಮಶೀನಿಗೆ ತಿಳೀವಲ್ದಂತ್ರಿ" ಎಂದು ನಗಲು ನೋಡಿದರು.

ಈ ಸಲ ನಾನು ಹೊಗಳಲಿಲ್ಲ, ಎದ್ದೂ ಹೋಗಲಿಲ್ಲ. "ಈ ಎರಡು ವಾರ ಕೆಲಸ ಬಿಟ್ಟಿದ್ರೇನು?" ಎಂದು ಕೇಳಿದೆ.

"ಬಿಡೂದು ಹ್ಯಾಂಗ್ರಿ? ಮುಲುಂಡದಾಗ ಒಂದು ಬಾತ್‌ರೂಮ್ ಹಿಡದೀನಿ."

"ಯಾರಿಗರೆ ಒಪ್ಪಸ್ರಿ. ಗೆರಿ ಮತ್ತ ಮೂಡಬೇಕಂದ್ರ ಇವತ್ತಿಂದ ಮೂರು ವಾರ ಕೈಗೆ ಸಿಮೆಂಟು ತಾಗಬಾರದು."

"ಮೂರು ವಾರ ಸುಮ್ಮ ಕುಂಡ್ರಾಕ ನನಗ ಬರಂಗಿಲ್ರೀ ಅಕ್ಕಾರ."

"ಹಂಗಾದ್ರ ಫೋಟೋದಾಗ ನೋಡ್ರಿ ಗ್ವಾಡಿ" ಎಂದೆ. ಅಷ್ಟು ಗಡಸಾಗಿ ನಾನು ಗಿರಾಕಿಯೊಬ್ಬರಿಗೆ ಮಾತಾಡಿದ್ದು ನೆನಪಿಲ್ಲ. ಹಸ್ಮುಖಭಾಯಿ ಪೇಪರಿನ ಹಿಂದೆ ಮುಖ ಮರೆಸಿಕೊಂಡರು.

ಚಳಿಗಾಲದಲ್ಲಿ ನಮ್ಮ ಸಿಸ್ಟರುಗಳು ಬಿರಿದ ಕೈಗೆ ಗ್ಲಿಸರಿನ್ನಿಗೆ ಗುಲಾಬಿ ನೀರು ಬೆರೆಸಿ ಹಚ್ಚಿಸುತ್ತಿದ್ದರು. ಅದನ್ನೇ ಒಂದು ಸೀಸೆಯಲ್ಲಿ ಬೆರೆಸಿ ಕೊಟ್ಟೆ. ದಿನಕ್ಕೆ ನಾಲ್ಕು ಸಲ ಹಚ್ಚಬೇಕು, ಹಚ್ಚಿಸುವ ಕೆಲಸ ಅವರ ಹೆಂಡತಿ ಬೀಬಿಜಾನರದು. ಆಸ್ಮಾ ದಿನಾ ಬೆಳಗ್ಗೆ ಲೋಕಲ್ ರೈಲಿನಿಂದ ನನಗೆ ಸಂದೇಶ ಕಳಿಸುತ್ತಿದ್ದಳು. ಅಬ್ಬಾ ಮನೆಯ ಎಲ್ಲ ಟೈಲುಗಳನ್ನೂ ಬಡಿದು ನೋಡುತ್ತಿದ್ದಾರೆ. ಅಬ್ಬಾ ಕೆಳಗಿನ ಮನೆಯವರ ಟೈಲುಗಳನ್ನೂ ಬಡಿಯುತ್ತಿದ್ದಾರೆ. ಅಮ್ಮಿ ಹೇಳುತ್ತಾಳೆ, ಮದುವೆಯಲ್ಲೂ ಈ ಕೈಗೆ ಇಷ್ಟು ಗುಲಾಬಿ ವಾಸನೆ ಇರಲಿಲ್ಲವಂತೆ.

ಮೂರನೆಯ ಸಲ ಯಂತ್ರ ಹತ್ತರಲ್ಲಿ ಏಳು ಬೆರಳನ್ನು ಗುರುತಿಸಿತು. ಉಳಿದ ಮೂರಕ್ಕೆ ಆ ಹುಡುಗಿ ಕಾರಣ ಬರೆದು ಕಳಿಸಿದಳು. ಆಪರೇಷನ್ನಿಗೆ ಹದಿನೇಳು ದಿನ ಇದೆ ಎನ್ನುವಾಗ ಪಾಸ್‌ಪೋರ್ಟು ಕೈಗೆ ಬಂತು. ಅದರೊಳಗೆ ಅಂಟಿಸಿದ ವೀಸಾದ ಕಾಗದವನ್ನು ಮೌಲಾಸಾಬ್ ಹೆಬ್ಬೆರಳಿನಿಂದ ಒತ್ತಿ, ನಾಲ್ಕೂ ಮೂಲೆ ಸರಿಯಾಗಿ ಕೂತಿದೆಯೇ ಎಂದು ನೋಡಿದರು.

ಅವರು ಅವೇರೊ ತಲುಪಿದ ಮರುದಿನ ನಾನು ಮನೆಯಲ್ಲಿದ್ದೆ. ಮಧ್ಯಾಹ್ನ ಒಂದೂವರೆ. ಅಲ್ಲಿ ಬೆಳಗಿನ ಒಂಬತ್ತು. ತಟ್ಟೆಗೆ ಅನ್ನ ಹಾಕಿಕೊಳ್ಳುತ್ತಿದ್ದಾಗ ಫೋನು ಬಂತು, ವಿಡಿಯೋ ಸಮೇತ. ಫೋನು ಹಿಡಿದವಳು ಆಸ್ಮಾ. "ಆಂಟಿ, ನೋಡಿ" ಎಂದಳು.

ಗೋಡೆ ನಾನು ಪರದೆಯಲ್ಲಿ ನೋಡಿದ್ದಕ್ಕಿಂತ ದೊಡ್ಡದಾಗಿತ್ತು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದು, ಒಂದೊಂದು ಟೈಲೂ ಬೇರೆ ಬೇರೆಯಾಗಿ ಮಿನುಗುತ್ತಿತ್ತು. ಒಂದು ಒಂದಿಷ್ಟು ಉಬ್ಬಿ, ಇನ್ನೊಂದು ಒಂದಿಷ್ಟು ತಗ್ಗಿ, ಗಾಳಿಗೆ ನೀರು ನಡುಗಿದ ಹಾಗೆ. ಫೋಟೋ ತೆಗೆಯುವವರು ಯಾರೂ ಅದನ್ನು ತೋರಿಸಿರಲಿಲ್ಲ. ಗೋಡೆಯ ಮುಂದಿನ ಬೆಂಚಿನಲ್ಲಿ ತರಕಾರಿ ಚೀಲ ಇಟ್ಟುಕೊಂಡ ಒಬ್ಬ ಅಜ್ಜಿ ಕೂತಿದ್ದಳು. ಅವಳ ಕಣ್ಣು ಗೋಡೆಯ ಬುಡದ ಮೇಲಿತ್ತು, ಅಲ್ಲಿ ನಮ್ಮ ಮೌಲಾಸಾಬ್ ಕುಕ್ಕರಗಾಲಿನಲ್ಲಿ ಕೂತಿದ್ದರು.

ಅವರು ನನ್ನ ಕಡೆ ನೋಡಲಿಲ್ಲ. ಕೆನ್ನೆಯನ್ನು ಗೋಡೆಗೆ ತಾಗುವಷ್ಟು ಹತ್ತಿರ ತಂದು, ಒಂದು ಕಣ್ಣು ಮುಚ್ಚಿ, ಸಾಲು ಎಲ್ಲಿಯಾದರೂ ಸೊಟ್ಟಗಾಗಿದೆಯೇ ಎಂದು ಕೊನೆಯ ತನಕ ನೋಡಿದರು. ಆಮೇಲೆ ಕಿವಿ ಓರೆ ಮಾಡಿ ಬೆರಳ ಗೆಣ್ಣಿನಿಂದ ಮೆಲ್ಲಗೆ, ನಿದ್ದೆಯಲ್ಲಿದ್ದವರ ಬಾಗಿಲು ತಟ್ಟುವಷ್ಟು ಮೆಲ್ಲಗೆ, ಬಡಿಯತೊಡಗಿದರು. ಟಕ್, ಟಕ್, ಟಕ್. ಸಾವಿರಾರು ಮೈಲಿ ದಾಟಿ ಆ ದನಿ ನನ್ನ ಅಡಿಗೆಮನೆಗೆ ಬಂತು. ನಾನು ಸೌಟು ಕೆಳಗಿಟ್ಟೆ. ಗಟ್ಟಿ, ಗಟ್ಟಿ, ಗಟ್ಟಿ. ಒಂದು ಸಾಲು ಮುಗಿಸಿ, ಕುಕ್ಕರಗಾಲಿನಲ್ಲೇ ಪಕ್ಕಕ್ಕೆ ಸರಿದು ಮುಂದಿನ ಸಾಲು. ಹಿಂದೆ ಒಂದು ರೈಲು ಬಂದು ನಿಂತು ಹೋಯಿತು. ಅವರು ತಿರುಗಿ ನೋಡಲಿಲ್ಲ.

ಒಂದು ಕಡೆ ಕೈ ನಿಂತಿತು. ಮತ್ತೆ ಬಡಿದರು. ದನಿ ಬೇರೆಯಿತ್ತು. ನನಗೂ ಕೇಳಿಸಿತು.

ಆಗ ಅವರು ಮೊದಲ ಸಲ ಫೋನಿನ ಕಡೆ ಮುಖ ತಿರುಗಿಸಿದರು. ಕಣ್ಣು ತುಂಬಿತ್ತು, ಮುಖದ ತುಂಬ ನಗು.

"ಅಕ್ಕಾರ, ಒಂದು ಪೊಳ್ಳೈತ್ರಿ" ಎಂದರು. "ನಿಮ್ಮ ಫ್ರಿಜ್ ಬುಡದಾಗಿನಂಥಾದ್ದು. ನೂರು ವರ್ಷ ನಿಂತೈತಿ."